ಏರಿಸಿದ್ದು ಎಷ್ಟು, ಅರ್ಥವಾಗಿದ್ದು ಎಷ್ಟು: ಬ್ರಿಡ್ಜ್‌ನಲ್ಲಿ ಮೇಜರ್ ರೈಸ್‌ಗಳ ದೋಷ ನಿವಾರಣೆ

ಸ್ಕೋರ್ ಹಾಳೆಯಲ್ಲಿ ‘2 ಸ್ಪೇಡ್, 10 ಟ್ರಿಕ್, 170’ ಅನ್ನುವ ಸಾಲು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆಯೇ? ಅದರ ಕೆಳಗೇ ‘3 ಹಾರ್ಟ್, ಒಂದು ಕಡಿಮೆ’ ಅನ್ನುವ ಸಾಲೂ ಇದೆಯೇ? ಮೊದಲನೆಯದು ಎಂಟು ಟ್ರಿಕ್ ಸಾಕು ಅಂತ ನಿಂತು ಹತ್ತು ಗೆದ್ದದ್ದು, ಎರಡನೆಯದು ಒಂಬತ್ತು ಕರೆದು ಎಂಟೇ ಗೆದ್ದದ್ದು. ಹಾಗಿದ್ದರೆ ನಿಮ್ಮ ಜೋಡಿ ಒಂದೇ ಸಂಜೆಯಲ್ಲಿ ಪುಕ್ಕಲೂ ಹೌದು, ದುಡುಕಿನದೂ ಹೌದು. ಇವೆರಡೂ ಒಟ್ಟಿಗೆ ಇರುವುದು ವಿಚಿತ್ರ ಅನ್ನಿಸೀತು. ನಮ್ಮದು ಎರಡು ವರ್ಷ ಹಾಗೇ ಇತ್ತು. ಧೈರ್ಯ ಸಾಲದು ಅಂತ ಒಂದು ವಾರ, ಧೈರ್ಯ ಹೆಚ್ಚಾಯಿತು ಅಂತ ಇನ್ನೊಂದು ವಾರ ಬೈದುಕೊಂಡೆವು. ದೋಷ ಧೈರ್ಯದ್ದಾಗಿರಲಿಲ್ಲ. ಒಂದೇ ಬಿಡ್ಡಿನ ಮೇಲೆ ಎರಡು ಸುದ್ದಿ ಹೊರಿಸಿದ್ದೆವು.

ನನ್ನ ಪಾರ್ಟ್ನರ್ ಅಂದರೆ ನನ್ನ ಅಕ್ಕನ ಗಂಡ. ಕಾಲೇಜಿನಲ್ಲಿ ಆಡಿ, ಕೆಲಸ ಸೇರಿದ ಮೇಲೆ ಬಿಟ್ಟವರು. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಜೋಡಿ ಬ್ರಿಡ್ಜ್‌ನಲ್ಲಿ ಚಿನ್ನ ಗೆದ್ದಾಗ ಪೇಪರ್ ಹಿಡಿದುಕೊಂಡು ಬಂದು, ‘ನೋಡಯ್ಯಾ, ನನ್ನ ವಯಸ್ಸಿನವರೇ ಕಣೋ, ಕೂರೋಣ’ ಅಂದರು. ಕೂತೆವು. ಆಮೇಲಿನ ಎರಡು ವರ್ಷದ ಕಥೆಯೇ ಮೇಲಿನ ಸ್ಕೋರ್ ಹಾಳೆ.

ಈ ಬರಹ ಆಟ ಬರುವವರಿಗೆ, ಐದೆಲೆಯ ಮೇಜರ್ ಓಪನಿಂಗ್ ಆಡುವವರಿಗೆ, ಅಂದರೆ ಐದು ಎಲೆಯಾದರೂ ಇದ್ದಾಗ ಮಾತ್ರ ಮೇಜರ್ (ಸ್ಪೇಡ್ ಅಥವಾ ಹಾರ್ಟ್) ಕರೆದು ಬಿಡ್ಡಿಂಗ್ ಶುರು ಮಾಡುವವರಿಗೆ. ಪಾರ್ಟ್ನರ್ ಕರೆದ ಸೂಟನ್ನೇ ಇನ್ನೂ ಮೇಲಕ್ಕೆ ಕರೆಯುವುದು ರೈಸ್. ಪಾಯಿಂಟ್ ಅಂದಲ್ಲೆಲ್ಲ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅನ್ನುವ ಮಾಮೂಲಿ ಲೆಕ್ಕ. ಮನೆಯಲ್ಲಿ ಇಸ್ಪೀಟು, ಆಟೀನು, ಕಳಾವರ ಅಂದರೂ ಬ್ರಿಡ್ಜ್ ಮೇಜಿಗೆ ಕೂತ ಮೇಲೆ ಬಾಯಿಗೆ ಬರುವುದು ಸ್ಪೇಡ್, ಹಾರ್ಟ್, ಕ್ಲಬ್ಬೇ. ಇಲ್ಲೂ ಹಾಗೇ ಬರೆದಿದ್ದೇನೆ.

ಮೊದಲು ದಾಖಲೆ, ಆಮೇಲೆ ಔಷಧ

ಹೊಸ ಕನ್ವೆನ್ಷನ್ (ಒಂದು ಬಿಡ್ಡಿಗೆ ಜೋಡಿ ಒಪ್ಪಿಕೊಂಡ ವಿಶೇಷ ಅರ್ಥ) ಹುಡುಕುವ ಮೊದಲು ಹಳೆಯ ಕೈಗಳನ್ನು ಒಟ್ಟುಹಾಕಿ. ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಆಡುವವರಿಗೆ ಇದು ಸುಲಭ. ಆಡಿದ ಕೈಗಳು ಅಲ್ಲೇ ಉಳಿದಿರುತ್ತವೆ. ಕ್ಲಬ್ಬಿನಲ್ಲಿ ಆಡುವವರು ಒಂದು ತಿಂಗಳು ನೋಟ್‌ಬುಕ್ ಇಟ್ಟುಕೊಳ್ಳಬೇಕು. ಬೇಕಾದದ್ದು ಒಂದೇ ಜಾತಿಯ ಕೈಗಳು: ಒಬ್ಬರು 1 ಹಾರ್ಟ್ ಅಥವಾ 1 ಸ್ಪೇಡ್ ಓಪನ್ ಮಾಡಿದ್ದು, ಇನ್ನೊಬ್ಬರ ಬಳಿ ಅದೇ ಸೂಟಿನ ಮೂರು ಅಥವಾ ಹೆಚ್ಚು ಎಲೆ ಇದ್ದದ್ದು. ಇಪ್ಪತ್ತು ಮೂವತ್ತು ಸಿಕ್ಕರೆ ಸಾಕು.

ಅದರಲ್ಲಿ ದುರದೃಷ್ಟವನ್ನು ಬೇರೆ ತೆಗೆದಿಡಿ. ಎದುರಾಳಿಗಳ ಬಳಿ ಐದು ತುರುಪು ಇದ್ದರೆ ನೂರಕ್ಕೆ 68 ಸಲ 3-2 ಆಗಿ ಒಡೆಯುತ್ತದೆ, 28 ಸಲ 4-1 ಆಗಿ. 4-1 ಆಗಿ ಒಡೆದು ಒಂದು ಟ್ರಿಕ್ ಕಡಿಮೆಯಾದ ಕೈಗೆ ಬಿಡ್ಡಿಂಗನ್ನು ದೂರಬೇಡಿ. ಒಂದೇ ಒಂದು ಫಿನೆಸ್ (ಎದುರಾಳಿಯ ದೊಡ್ಡ ಎಲೆ ಇಂಥ ಕಡೆಯೇ ಇದೆ ಅಂತ ನಂಬಿ ಆಡುವುದು) ತಪ್ಪಿ ಹೋದ ಗೇಮೂ ಅಷ್ಟೇ. ಮೇಜರ್‌ನಲ್ಲಿ ಗೇಮ್ ಅಂದರೆ 4ರ ಬಿಡ್, ಹತ್ತು ಟ್ರಿಕ್, ಗೆದ್ದರೆ ದೊಡ್ಡ ಬೋನಸ್. ಟೀಮ್ ಆಟದಲ್ಲಂತೂ ಅಂಥ ಗೇಮ್ ಕರೆಯಲೇಬೇಕು. ಲೆಕ್ಕ ನೋಡಿ: ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಇದ್ದಾಗ 4 ಸ್ಪೇಡ್ ಗೆದ್ದರೆ 620, ಪಕ್ಕದ ಮೇಜಿನವರು 2 ಸ್ಪೇಡ್‌ನಲ್ಲಿ ನಿಂತಿದ್ದರೆ 170. ವ್ಯತ್ಯಾಸ 450, ಅಂದರೆ ಟೀಮ್ ಆಟದ ಅಂಕದಲ್ಲಿ 10 ಇಂಪ್. ಒಂದು ಟ್ರಿಕ್ ಕಡಿಮೆಯಾದರೆ ನಮಗೆ ಮೈನಸ್ 100, ಅವರಿಗೆ 140. ಹೋಗುವುದು 6 ಇಂಪ್. ಹತ್ತು ಗೆಲ್ಲಲು ಆರನ್ನು ಪಣಕ್ಕಿಟ್ಟಂತೆ. ಹಾಗಾಗಿ ನೂರಕ್ಕೆ 38ರ ಅವಕಾಶವಿದ್ದರೂ ಗೇಮ್ ಲಾಭವೇ. ಜೋಡಿಗಳ ಮ್ಯಾಚ್‌ಪಾಯಿಂಟ್ ಆಟದಲ್ಲಿ ಈ ಉದಾರತೆ ಇಲ್ಲ, ಅಲ್ಲಿ ಅರ್ಧಕ್ಕರ್ಧ ಬೇಕು. ಆಡುತ್ತಿರುವುದು ಯಾವ ಆಟ ಅನ್ನುವುದನ್ನು ಮರೆತು ‘ನಮ್ಮ ರೈಸ್ ಸರಿಯಿಲ್ಲ’ ಅಂತ ಕೊರಗುವ ಜೋಡಿಗಳನ್ನು ನೋಡಿದ್ದೇನೆ.

ಉಳಿದ ಕೈಗಳ ಮೇಲೆ ಚೀಟಿ ಪರೀಕ್ಷೆ ಮಾಡಿ. ಇಬ್ಬರೂ ಮಾತಾಡಿಕೊಳ್ಳದೆ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು: 1 ಸ್ಪೇಡ್‌ಗೆ 2 ಸ್ಪೇಡ್ ಅಂದರೆ ಎಷ್ಟು ಪಾಯಿಂಟ್, ಎಷ್ಟು ತುರುಪು? 3 ಸ್ಪೇಡ್ ಅಂದರೆ? 4 ಸ್ಪೇಡ್ ಅಂದರೆ? ಮಧ್ಯೆ ಎದುರಾಳಿ ಡಬಲ್ ಅಂದರೆ ಇವೆಲ್ಲ ಏನಾಗುತ್ತವೆ? ಐದು ನಿಮಿಷದ ಕೆಲಸ. ನಾವು ಇದನ್ನು ಮೊದಲ ದಿನವೇ ಮಾಡಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಹಳೆಯ ಪಾಠ, ಹೊಸ ಪಾಠ

ಭಾವನ ಚೀಟಿಯಲ್ಲಿ 3 ಸ್ಪೇಡ್ ಎದುರು ‘13ರಿಂದ 16, ನಾಲ್ಕು ತುರುಪು, ಪಾಸ್ ಮಾಡುವಂತಿಲ್ಲ’ ಅಂತ ಇತ್ತು. ನನ್ನದರಲ್ಲಿ ‘10ರಿಂದ 12, ಇಷ್ಟವಿದ್ದರೆ ಗೇಮ್, ಇಲ್ಲದಿದ್ದರೆ ಪಾಸ್’.

ಅವರು ಕಲಿತದ್ದು ಚಾರ್ಲ್ಸ್ ಗೋರೆನ್ ಕಾಲದ ಅಮೆರಿಕನ್ ಪದ್ಧತಿ. ಅಲ್ಲಿ ಜಿಗಿದು ಮೂರಕ್ಕೆ ಏರಿಸಿದರೆ ಗೇಮ್ ತನಕ ನಿಲ್ಲುವ ಹಾಗಿಲ್ಲ. ಇಂಗ್ಲೆಂಡಿನ ಆಕೋಲ್ ಪದ್ಧತಿಯಲ್ಲಿ ಅದೇ ಬಿಡ್ ಕೇವಲ ಆಹ್ವಾನ. ಇವತ್ತು ಹೆಚ್ಚಿನ ಕಡೆ ನಡೆಯುವುದು ಎರಡನೆಯದೇ, ಲಿಮಿಟ್ ರೈಸ್ ಅನ್ನುವ ಹೆಸರಿನಲ್ಲಿ. ಎರಡೂ ಸರಿಯಾದ ಪದ್ಧತಿಗಳೇ, ಮೇಜಿನ ಎರಡು ಬದಿಯಲ್ಲಿ ಒಂದೊಂದು ಕೂತರೆ ಮಾತ್ರ ವಿಷ. ನಮ್ಮಲ್ಲಿ ಆಗುತ್ತಿದ್ದದ್ದು ಇದು: ಭಾವನ ಕೈಯಲ್ಲಿ 11 ಪಾಯಿಂಟ್ ಬಂದರೆ 3 ಸ್ಪೇಡ್ ಅವರಿಗೆ ತುಂಬಾ ದೊಡ್ಡದು, ಆದ್ದರಿಂದ 2 ಸ್ಪೇಡ್, ನಾನು ಪಾಸ್, ಹೋಯಿತು ಗೇಮ್. 14 ಬಂದರೆ ಅವರು 3 ಸ್ಪೇಡ್ ಕರೆದು ನಿಶ್ಚಿಂತೆಯಿಂದ ನಶ್ಯದ ಡಬ್ಬಿಗೆ ಕೈ ಹಾಕುತ್ತಿದ್ದರು. ನಾನು 12ರ ಓಪನಿಂಗ್ ಹಿಡಿದು ಪಾಸ್. ಮತ್ತೆ ಹೋಯಿತು ಗೇಮ್. ಪುಕ್ಕಲುತನ ಅಂದುಕೊಂಡದ್ದರ ಅರ್ಧ ಭಾಗ ಇಷ್ಟೇ.

ವಯಸ್ಸಿನಲ್ಲಿ ಅಂತರವಿರುವ ಜೋಡಿಗಳು ಇದನ್ನು ಮೊಟ್ಟಮೊದಲು ಪರೀಕ್ಷಿಸಬೇಕು. ಸರಿಪಡಿಸುವುದು ಒಂದು ವಾಕ್ಯದ ಕೆಲಸ, ಕನ್ವೆನ್ಷನ್ ಏನೂ ಬೇಡ. ‘ಹಾಗಾದರೆ ನನ್ನ 14 ಪಾಯಿಂಟನ್ನು ಎಲ್ಲಿ ಇಡಲಿ?’ ಅಂತ ಭಾವ ಕೇಳಿದ್ದು ನ್ಯಾಯವೇ. ಅದಕ್ಕೆ ಆಮೇಲೆ ಬರುತ್ತೇನೆ.

ಪಾಯಿಂಟ್ ಎಣಿಸಿ, ಆಕಾರ ಮರೆತ ಕೈ

ಅರ್ಥ ಒಂದೇ ಆದ ಮೇಲೂ 170 ನಿಲ್ಲಲಿಲ್ಲ. ಈ ಕೈ ನೋಡಿ. ನಾನು 1 ಸ್ಪೇಡ್ ಓಪನ್ ಮಾಡಿದ್ದೆ:

ಸ್ಪೇಡ್: ಎಕ್ಕ, ಗುಲಾಮ, 8, 6, 4
ಹಾರ್ಟ್: ರಾಜ, 3
ಡೈಮಂಡ್: ಎಕ್ಕ, 6
ಕ್ಲಬ್: 9, 7, 4, 3

ಭಾವನ ಕೈ:

ಸ್ಪೇಡ್: ರಾಣಿ, 9, 5, 2
ಹಾರ್ಟ್: ಎಕ್ಕ, 6, 4
ಡೈಮಂಡ್: ರಾಜ, 8, 7, 4, 2
ಕ್ಲಬ್: 6

ಅವರು 9 ಪಾಯಿಂಟ್ ಎಣಿಸಿ 2 ಸ್ಪೇಡ್ ಅಂದರು, ನಾನು 12 ಎಣಿಸಿ ಪಾಸ್ ಅಂದೆ. ಇಬ್ಬರ ಬಳಿಯೂ ಸೇರಿ 21. ಆದರೆ ಆಟ ನೋಡಿ: ಹಾರ್ಟ್‌ನಲ್ಲಿ ಸೋಲಿಲ್ಲ, ಡೈಮಂಡ್‌ನಲ್ಲಿ ಸೋಲಿಲ್ಲ, ಕ್ಲಬ್ ಒಂದು ಕೊಟ್ಟರೆ ಉಳಿದದ್ದನ್ನು ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಚ್ಚಿಟ್ಟ ಪಾರ್ಟ್ನರ್ ಕೈಯಲ್ಲಿ) ತುರುಪು ಹಾಕಿ ಕೊಯ್ಯಬಹುದು. ತುರುಪಿನ ರಾಜ ತಪ್ಪು ಕಡೆ ಇದ್ದರೂ ಹತ್ತು ಟ್ರಿಕ್ ಬರುವ ಕೈ.

ಇಂಥ ಕಡೆ ಪಾಯಿಂಟ್‌ಗಿಂತ ಸೋಲುಗಳ ಎಣಿಕೆ ಚೆನ್ನಾಗಿ ಮಾತಾಡುತ್ತದೆ. ಪ್ರತಿ ಸೂಟಿನ ಮೊದಲ ಮೂರು ಎಲೆಗಳನ್ನಷ್ಟೇ ನೋಡಿ. ಎಕ್ಕ, ರಾಜ, ರಾಣಿಯಲ್ಲಿ ಎಷ್ಟು ಇಲ್ಲವೋ ಅಷ್ಟು ಸೋಲು. ಎರಡೇ ಎಲೆ ಇದ್ದರೆ ಎಕ್ಕ ಮತ್ತು ರಾಜ ಮಾತ್ರ ಲೆಕ್ಕಕ್ಕೆ. ಒಂಟಿ ಎಲೆ ಎಕ್ಕವಲ್ಲದಿದ್ದರೆ ಒಂದು ಸೋಲು. ಇಬ್ಬರ ಸೋಲು ಕೂಡಿಸಿ 24ರಲ್ಲಿ ಕಳೆದರೆ ಬರುವ ಟ್ರಿಕ್‌ಗಳ ಅಂದಾಜು ಸಿಗುತ್ತದೆ. ಸಾಮಾನ್ಯ ಓಪನಿಂಗ್‌ಗೆ 7 ಸೋಲು. ಅದರ ಎದುರು 9 ಸೋಲಿನ ಕೈ ಎರಡಕ್ಕೆ, 8 ಸೋಲಿನದು ಮೂರಕ್ಕೆ, 7 ಸೋಲಿನದು ಗೇಮ್‌ಗೆ. ಭಾವನ ಕೈಯಲ್ಲಿ ಸ್ಪೇಡ್ 2, ಹಾರ್ಟ್ 2, ಡೈಮಂಡ್ 2, ಕ್ಲಬ್ 1, ಒಟ್ಟು 7. ನನ್ನದೂ 7. ಇಪ್ಪತ್ತನಾಲ್ಕರಲ್ಲಿ ಹದಿನಾಲ್ಕು ಹೋದರೆ ಹತ್ತು.

ಈ ಎಣಿಕೆಗೆ ಎರಡು ಕಟ್ಟುಪಾಡು. ತುರುಪು ಎಂಟಾದರೂ ಕೂಡಿದ್ದು ಖಾತ್ರಿಯಾದ ಮೇಲೇ ಎಣಿಸಬೇಕು. ಇನ್ನೊಂದು, ರಾಣಿಯೊಂದೇ ಇದ್ದು ಜೊತೆಗೆ ಗುಲಾಮನೂ ಇಲ್ಲದ ಸೂಟನ್ನು ನಂಬಬೇಡಿ. ಎಣಿಕೆ ಅದಕ್ಕೆ ಕೊಡುವ ಬೆಲೆ ಜಾಸ್ತಿ. ಎಣಿಕೆ ತಲೆನೋವು ಅನ್ನುವವರು ನಾಲ್ಕು ತುರುಪಿನ ಬೆಂಬಲ ಇದ್ದಾಗ ಒಂಟಿ ಎಲೆಗೆ 3, ಒಂದು ಸೂಟೇ ಇಲ್ಲದಿದ್ದರೆ 5, ಜೋಡಿ ಎಲೆಗೆ 1 ಸೇರಿಸಿಕೊಳ್ಳಲಿ. ಹಾಗೆ ನೋಡಿದರೂ ಭಾವನ 9 ಹೋಗಿ 12 ಆಗುತ್ತದೆ, 2 ಸ್ಪೇಡ್ ಅನ್ನುವ ಮಾತೇ ಇಲ್ಲ.

ಮೂರೆಲೆಯ ಬೆಂಬಲ, ನಾಲ್ಕೆಲೆಯ ಬೆಂಬಲ

ಇನ್ನು ದುಡುಕಿನ ಕಡೆ. 1 ಹಾರ್ಟ್ ಓಪನ್ ಆಗಿದೆ, ನನ್ನ ಕೈಯಲ್ಲಿ:

ಸ್ಪೇಡ್: ರಾಣಿ, ಗುಲಾಮ, 4
ಹಾರ್ಟ್: ರಾಜ, 7, 5
ಡೈಮಂಡ್: ರಾಣಿ, ಗುಲಾಮ, 6
ಕ್ಲಬ್: ರಾಣಿ, 8, 6, 4

ಹನ್ನೊಂದು ಪಾಯಿಂಟ್. ‘10ರಿಂದ 12’ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೇನಲ್ಲ, 3 ಹಾರ್ಟ್ ಅಂದೆ. ಭಾವನ ಬಳಿ ಇದ್ದದ್ದು:

ಸ್ಪೇಡ್: ರಾಜ, 8, 2
ಹಾರ್ಟ್: ಎಕ್ಕ, ಗುಲಾಮ, 8, 6, 3
ಡೈಮಂಡ್: ಎಕ್ಕ, 5, 3
ಕ್ಲಬ್: 9, 3

ಅವರು ಸರಿಯಾಗಿಯೇ ಪಾಸ್ ಮಾಡಿದರು. ಹಾರ್ಟ್ ರಾಣಿ ತಪ್ಪು ಕಡೆ, ಡೈಮಂಡ್ ರಾಜನೂ ತಪ್ಪು ಕಡೆ. ಸ್ಪೇಡ್ ಒಂದು, ಕ್ಲಬ್ ಎರಡು, ಡೈಮಂಡ್ ಒಂದು, ತುರುಪು ಒಂದು ಹೋಗಿ ಎಂಟೇ ಟ್ರಿಕ್. 2 ಹಾರ್ಟ್‌ನಲ್ಲಿದ್ದರೆ ಪ್ಲಸ್ 110, ಈಗ ಮೈನಸ್ 100.

ಹಿಂದಿನ ಕೈಯಲ್ಲಿ 21 ಪಾಯಿಂಟ್‌ಗೆ ಹತ್ತು ಟ್ರಿಕ್, ಇಲ್ಲಿ 23ಕ್ಕೆ ಎಂಟು. ನಾಲ್ಕನೆಯ ತುರುಪು ಮತ್ತು ಒಂಟಿ ಎಲೆ ಮಾಡುವ ಕೆಲಸ ಅಷ್ಟು. 4-3-3-3 ಆಕಾರದಲ್ಲಿ ಡಮ್ಮಿ ಏನನ್ನೂ ಕೊಯ್ಯುವುದಿಲ್ಲ. ಪಕ್ಕದ ಸೂಟುಗಳ ರಾಣಿ ಗುಲಾಮರು ಮೆರವಣಿಗೆಗೆ ಬಂದ ದಂಡಿನಂತೆ, ಯುದ್ಧಕ್ಕೆ ಆಗುವವರಲ್ಲ. ಹೀಗಾಗಿ ನಮ್ಮ ‘3 ಹಾರ್ಟ್’ ಎರಡು ಬೇರೆ ಕೈಗಳ ಹೆಸರಾಗಿತ್ತು: ನಾಲ್ಕು ತುರುಪಿನ 10 ಮತ್ತು ಮೂರು ತುರುಪಿನ 11. ಓಪನ್ ಮಾಡಿದವರಿಗೆ ಎದುರು ಯಾವುದು ಕೂತಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಎದುರು ಒಳ್ಳೆಯ ಆಕಾರದ ಕೈ ಇದ್ದಾಗ ಹೆದರಿ ಪಾಸ್ ಮಾಡುತ್ತಿದ್ದರು, ಕೆಟ್ಟ ಕೈ ಇದ್ದಾಗ ನಂಬಿ ಗೇಮ್‌ಗೆ ಹೋಗುತ್ತಿದ್ದರು. ಪುಕ್ಕಲುತನ, ದುಡುಕು ಎರಡಕ್ಕೂ ಬೇರು ಒಂದೇ ಅಂತ ಹೊಳೆದದ್ದು ಆಗ.

ಸರಿಪಡಿಸುವ ಬಗೆ: ನೇರವಾಗಿ ಮೂರಕ್ಕೆ ಏರಿಸುವುದು ನಾಲ್ಕು ತುರುಪು ಇದ್ದಾಗ ಮಾತ್ರ. ಮೂರೇ ತುರುಪು ಮತ್ತು 10ರಿಂದ 12 ಇದ್ದರೆ ಮೊದಲು 1 ನೋ ಟ್ರಂಪ್ (ತುರುಪಿಲ್ಲದ ಬಿಡ್), ಅದನ್ನು ಓಪನರ್ ಪಾಸ್ ಮಾಡುವಂತಿಲ್ಲ ಅನ್ನುವ ಒಪ್ಪಂದದ ಮೇಲೆ. ಮುಂದಿನ ಸುತ್ತಿನಲ್ಲಿ 3 ಹಾರ್ಟ್. 4-3-3-3 ಬಂದರೆ ಒಂದು ಪಾಯಿಂಟ್ ಕಳೆಯಿರಿ. ಮೇಲಿನ ಕೈ ಹಾಗೆ 10ಕ್ಕೆ ಇಳಿಯುತ್ತದೆ, ಅದರಲ್ಲೂ ಹೆಚ್ಚಿನದು ಮೆರವಣಿಗೆಯ ದಂಡು. ಅದಕ್ಕೆ ನನ್ನ ಈಗಿನ ಉತ್ತರ 2 ಹಾರ್ಟ್, ನಾಚಿಕೆಯಿಲ್ಲದೆ.

ಬಡ ಕೈಯನ್ನು ಮೆಲ್ಲಗೆ ಏರಿಸಿದ ತಪ್ಪು

ಸ್ಪೇಡ್ ಗುಲಾಮ, 8, 7, 4, ಹಾರ್ಟ್ 6, ಡೈಮಂಡ್ ರಾಣಿ, 9, 7, 5, 3, ಕ್ಲಬ್ 8, 4, 2. ಮೂರು ಪಾಯಿಂಟ್. ಪಾರ್ಟ್ನರ್ 1 ಸ್ಪೇಡ್ ಅಂದಿದ್ದಾರೆ. ನಾನು ಸಭ್ಯವಾಗಿ 2 ಸ್ಪೇಡ್ ಅಂದೆ. ಎಡಗಡೆಯವರು ಡಬಲ್ (ನಿನ್ನ ಸೂಟು ಕರೆ ಅಂತ ತಮ್ಮ ಪಾರ್ಟ್ನರಿಗೆ ಹೇಳುವುದು), ಬಲಗಡೆಯವರು 3 ಹಾರ್ಟ್, ಕೊನೆಗೆ 4 ಹಾರ್ಟ್, ಹತ್ತು ಟ್ರಿಕ್, ಅವರಿಗೆ 420.

ಫ್ರಾನ್ಸಿನ ಜ್ಯಾಂ ರೆನೆ ವೆರ್ನ್ ಗಮನಿಸಿ ಹೇಳಿದ ಒಂದು ನಿಯಮವಿದೆ: ನಮ್ಮ ಸೂಟಿನಲ್ಲಿ ನಮ್ಮಿಬ್ಬರ ತುರುಪು, ಅವರ ಸೂಟಿನಲ್ಲಿ ಅವರಿಬ್ಬರ ತುರುಪು ಕೂಡಿಸಿದರೆ, ಎರಡೂ ಕಡೆಯವರು ತಮ್ಮ ತಮ್ಮ ತುರುಪಿನಲ್ಲಿ ಗೆಲ್ಲುವ ಟ್ರಿಕ್‌ಗಳ ಮೊತ್ತಕ್ಕೆ ಹೆಚ್ಚುಕಡಿಮೆ ಸಮ. ನಮ್ಮದು ಒಂಬತ್ತು ಸ್ಪೇಡ್, ಅವರದು ಒಂಬತ್ತು ಹಾರ್ಟ್ ಅಂದುಕೊಳ್ಳಿ, ಒಟ್ಟು 18. ನಮಗೆ ಎಂಟೇ ಟ್ರಿಕ್ ಅಂದರೆ ಅವರಿಗೆ ಹತ್ತು. 3 ಸ್ಪೇಡ್ ಆಡಿ ಒಂದು ಕಡಿಮೆ ಮಾಡಿಕೊಂಡರೆ ಮೈನಸ್ 50, ಅವರ 420ಕ್ಕಿಂತ ಎಷ್ಟೋ ಅಗ್ಗ. ಒಂಬತ್ತು ತುರುಪಿದ್ದರೆ ಒಂಬತ್ತು ಟ್ರಿಕ್‌ನ ಮಟ್ಟಕ್ಕೆ, ಹತ್ತಿದ್ದರೆ ಹತ್ತರ ಮಟ್ಟಕ್ಕೆ, ಅದೂ ಒಂದೇ ಏಟಿಗೆ ಹೋಗಿ ಅನ್ನುವುದು ಇದರ ಬಳಕೆಯ ರೂಪ.

ಕುರುಡಾಗಿ ಅಲ್ಲ. ನೀವು ವಲ್ನರಬಲ್, ಅವರಲ್ಲ ಅನ್ನುವಾಗ ದಂಡ ಹೆಚ್ಚಿಸುವ ಡಬಲ್ ತಿಂದು ಎರಡು ಕಡಿಮೆಯಾದರೆ ಮೈನಸ್ 500. ಅವರ ಗೇಮ್‌ಗಿಂತ ದುಬಾರಿ. ಆಗ ಪಾಸ್ ಅಥವಾ 2 ಸ್ಪೇಡ್‌ಗೆ ತೃಪ್ತಿಪಡಬೇಕು.

ಆದರೆ ಇಲ್ಲೊಂದು ತೊಡಕು ಹುಟ್ಟಿತಲ್ಲ. 3 ಸ್ಪೇಡ್ ಈಗ ಮೂರು ಪಾಯಿಂಟಿನ ಕೈಗೂ ಬೇಕು, ಹನ್ನೊಂದರ ಕೈಗೂ ಬೇಕು. ಇಬ್ಬರು ಬಾಡಿಗೆದಾರರಿಗೆ ಒಂದೇ ಮನೆ. ಒಬ್ಬರನ್ನು ಬೇರೆ ಕಡೆ ಕಳಿಸಲೇಬೇಕು. ಕನ್ವೆನ್ಷನ್ ಬೇಕಾಗುವುದು ನಿಜವಾಗಿ ಇಲ್ಲಿ, ಅಲ್ಲಿಯವರೆಗೆ ಬೇಕಿಲ್ಲ.

ಅಮೆರಿಕದ ಮಾರ್ಟಿ ಬರ್ಗನ್ ಮಾಡಿದ ಏರ್ಪಾಡು ಹೆಸರುವಾಸಿ: ನಾಲ್ಕು ತುರುಪಿದ್ದು 7ರಿಂದ 10 ಇದ್ದರೆ 3 ಕ್ಲಬ್, 10ರಿಂದ 12 ಇದ್ದರೆ 3 ಡೈಮಂಡ್, ಅದಕ್ಕಿಂತ ಬಡ ಕೈಯಾದರೆ ನೇರ 3 ಸ್ಪೇಡ್. ಮನೆ ಹಂಚಿಕೆ ಸೊಗಸಾಗಿದೆ. ಬಾಡಿಗೆ ಏನು? 3 ಕ್ಲಬ್, 3 ಡೈಮಂಡ್ ಬಿಡ್‌ಗಳನ್ನು ಆ ಸೂಟುಗಳ ಉದ್ದನೆಯ ಕೈ ತೋರಿಸಲು ಇನ್ನು ಬಳಸುವಂತಿಲ್ಲ. ಆರೆಲೆಯ ಕ್ಲಬ್ ಮತ್ತು 10 ಪಾಯಿಂಟ್ ಬಂದಾಗ ತಡಕಾಡಬೇಕು. ಅದಕ್ಕಿಂತ ದೊಡ್ಡ ಬಾಡಿಗೆ ನೆನಪಿನದು; ಅದರ ಕಥೆ ಮುಂದಿದೆ. ಎಲ್ಲವನ್ನೂ ತೂಗಿದ ಮೇಲೆ ನಾವು ಬರ್ಗನ್‌ನ ಅರ್ಧ ಮಾತ್ರ ಇಟ್ಟುಕೊಂಡೆವು: 3 ಡೈಮಂಡ್ ಅಂದರೆ ನಾಲ್ಕು ತುರುಪಿನ ಲಿಮಿಟ್ ರೈಸ್, 3 ಮೇಜರ್ ಬಡ ಕೈ. 3 ಕ್ಲಬ್ ಸಹಜ. ನಡುವಿನ 7ರಿಂದ 10ರ ಕೈ 2 ಮೇಜರ್‌ನಲ್ಲೇ ಇದೆ. ಓಪನರ್‌ಗೆ ಆಸೆಯಿದ್ದರೆ ನೆರವು ಬೇಕಾದ ಸೂಟನ್ನು ಮೂರರ ಮಟ್ಟದಲ್ಲಿ ಕರೆದು ವಿಚಾರಿಸುತ್ತಾರೆ. ಶುದ್ಧವಾದಿಗಳು ಮೂಗು ಮುರಿಯಬಹುದು.

ಭಾವನ 14 ಪಾಯಿಂಟ್

ನಾಲ್ಕು ತುರುಪು, ಗೇಮ್‌ಗೆ ಸಾಕಾಗುವ ಕೈ. ನೇರವಾಗಿ 4 ಸ್ಪೇಡ್‌ಗೆ ಹಾರಿದರೆ ಸ್ಲಾಮ್ (ಹನ್ನೆರಡು ಅಥವಾ ಹದಿಮೂರು ಟ್ರಿಕ್‌ನ ಬಿಡ್) ಮಾತುಕತೆಗೆ ಜಾಗವೇ ಇಲ್ಲ. ಮೇಲಾಗಿ 4 ಸ್ಪೇಡ್ ಐದು ತುರುಪಿನ ಬಡ ಕೈಗೆ ಬೇಕು. ನಾವು ಮೊದಲು ಮಾಡುತ್ತಿದ್ದದ್ದು ಇಲ್ಲದ ಸೂಟೊಂದನ್ನು ಎರಡರ ಮಟ್ಟದಲ್ಲಿ ಕರೆದು, ಆಮೇಲೆ 4 ಸ್ಪೇಡ್ ಅನ್ನುವುದು. ಪಾರ್ಟ್ನರ್ ಆ ಸುಳ್ಳು ಸೂಟನ್ನು ನಂಬಿ ಸ್ಲಾಮ್ ಲೆಕ್ಕ ಹಾಕುತ್ತಿದ್ದರು. ಸುಳ್ಳಿಗೆ ಸಾವಿರ ಮನೆ.

ಆಸ್ವಾಲ್ಡ್ ಜಾಕೋಬಿ ಹೆಸರಿನ 2 ನೋ ಟ್ರಂಪ್ ಈ ಕೆಲಸಕ್ಕೇ ಇದೆ. ನಾಲ್ಕು ತುರುಪು, ಗೇಮ್ ಖಾತ್ರಿ, ನಿನ್ನ ಕೈ ವಿವರಿಸು ಅಂತ ಅರ್ಥ. ಓಪನರ್ ಮೂರರ ಮಟ್ಟದಲ್ಲಿ ಹೊಸ ಸೂಟು ಕರೆದರೆ ಅಲ್ಲಿ ಒಂಟಿ ಎಲೆ ಅಥವಾ ಏನೂ ಇಲ್ಲ. ನೇರ 4 ಮೇಜರ್ ಅಂದರೆ ಕನಿಷ್ಠದ ಕೈ. 3 ಮೇಜರ್ ಬಲವಾದದ್ದು. 3 ನೋ ಟ್ರಂಪ್ ನಡುವಿನದು.

ಇದು ಹಿಡಿದುಕೊಟ್ಟ ಒಂದು ಕೈ. ಭಾವನ ಬಳಿ ಸ್ಪೇಡ್ ರಾಜ, ರಾಣಿ, 7, 4. ಹಾರ್ಟ್ ಎಕ್ಕ, 5. ಡೈಮಂಡ್ 8, 6, 3, 2. ಕ್ಲಬ್ ಎಕ್ಕ, ರಾಜ, 2. ನನ್ನ ಬಳಿ ಸ್ಪೇಡ್ ಎಕ್ಕ, ಗುಲಾಮ, 9, 6, 3, ಹಾರ್ಟ್ ರಾಜ, ರಾಣಿ, 4, ಡೈಮಂಡ್ 5, ಕ್ಲಬ್ ರಾಣಿ, 8, 7, 4. ಅವರ 2 ನೋ ಟ್ರಂಪ್‌ಗೆ ನಾನು 3 ಡೈಮಂಡ್. ಅವರ ನಾಲ್ಕು ಚಿಲ್ಲರೆ ಡೈಮಂಡ್ ಎದುರು ಒಂಟಿ ಎಲೆ. 16 ಪಾಯಿಂಟಿನಲ್ಲಿ ಒಂದೂ ವ್ಯರ್ಥವಿಲ್ಲ. ಇಬ್ಬರದೂ ಸೇರಿ 28ಕ್ಕೆ 6 ಸ್ಪೇಡ್ ಸಲೀಸಾಗಿ ಬಂತು, 480ರ ಬದಲು 980. ಅವರ ಎಕ್ಕ ಕ್ಲಬ್‌ನಲ್ಲಿರದೆ ಡೈಮಂಡ್‌ನಲ್ಲಿ ರಾಜ, ರಾಣಿ ಇದ್ದಿದ್ದರೆ ಅದೇ ಉತ್ತರ ಕೇಳಿ 4 ಸ್ಪೇಡ್‌ನಲ್ಲೇ ನಿಲ್ಲುತ್ತಿದ್ದರು. ಬೇಕಾದದ್ದು ಈ ತಿಳಿವಳಿಕೆ, ಪಾಯಿಂಟಿನ ಮೊತ್ತವಲ್ಲ.

ಒಂಟಿ ಎಲೆ ಏರಿಸುವವರ ಕೈಯಲ್ಲೇ ಇದ್ದರೆ ಸ್ಪ್ಲಿಂಟರ್: 1 ಸ್ಪೇಡ್‌ಗೆ 4 ಕ್ಲಬ್, ಅಂದರೆ ನಾಲ್ಕು ತುರುಪು, ಗೇಮ್ ಬಲ, ಕ್ಲಬ್ ಒಂಟಿ. ನಾವು ಇದನ್ನು 9ರಿಂದ 12ಕ್ಕೆ ಕಟ್ಟಿಹಾಕಿದ್ದೇವೆ. ಮೊದಲು ಹೇಳಿದ 170ರ ಕೈಗೆ ಈಗ ನಮ್ಮ ಬಿಡ್ ಇದೇ. ಹದಿನಾರರ ಕೈಗೂ ಸ್ಪ್ಲಿಂಟರ್ ಬಳಸಿದರೆ ಮತ್ತೆ ಇಬ್ಬರು ಬಾಡಿಗೆದಾರರ ಜಗಳ.

ಪಾಸ್ ಮಾಡಿದವರು ಏರಿಸಿದಾಗ

ಮೂರನೆಯ ಸ್ಥಾನದಲ್ಲಿ, ಅಂದರೆ ಮೊದಲಿಬ್ಬರು ಪಾಸ್ ಅಂದ ಮೇಲೆ, ನಾನು ಹತ್ತು ಪಾಯಿಂಟಿಗೂ 1 ಸ್ಪೇಡ್ ಅನ್ನುವವನು. ಎದುರಾಳಿಗೆ ತೊಂದರೆ ಕೊಡಲು, ಕೆಲವು ಸಲ ಭಾವ ಸ್ಪೇಡ್ ಲೀಡ್ ಮಾಡಲಿ ಅಂತ. ಮೊದಲೇ ಪಾಸ್ ಅಂದಿದ್ದ ಭಾವ 11 ಹಿಡಿದು ಮೂರಕ್ಕೆ ಏರಿಸುತ್ತಿದ್ದರು, ನಾವು ಎಂಟು ಟ್ರಿಕ್ ಎಣಿಸುತ್ತಿದ್ದೆವು. ‘ನಿನ್ನ ಓಪನಿಂಗ್ ನಂಬಿದ್ದು ನನ್ನ ತಪ್ಪು’ ಅನ್ನುವರು.

ಕೆನಡಾದ ಡಗ್ಲಸ್ ಡ್ರೂರಿಗೂ ಇದೇ ಗೋಳಿತ್ತು. ಪಾರ್ಟ್ನರ್ ಎರಿಕ್ ಮರ್ರಿ ಮೂರನೆಯ ಸ್ಥಾನದಲ್ಲಿ ತೀರಾ ಹಗುರ ಓಪನಿಂಗ್ ಮಾಡುವವನು. ಅದಕ್ಕೆ ಡ್ರೂರಿ ಕಂಡುಕೊಂಡದ್ದು 2 ಕ್ಲಬ್: ನಾನು ಪಾಸ್ ಮಾಡಿದವನೇ, ಆದರೆ ನಿನ್ನ ಮೇಜರ್‌ಗೆ ಬೆಂಬಲವಿದೆ, ಗೇಮ್‌ಗೆ ಆಹ್ವಾನವಿದೆ, ನಿಜ ಹೇಳು, ಓಪನಿಂಗ್ ಇದೆಯೋ ಇಲ್ಲವೋ? ಮೂಲ ರೂಪದಲ್ಲಿ ಹಗುರ ಕೈಗೆ ಉತ್ತರ 2 ಡೈಮಂಡ್. ಈಗ ಹೆಚ್ಚಾಗಿ ಆಡುವ ತಿರುಗಿಸಿದ ರೂಪದಲ್ಲಿ ಹಗುರ ಕೈ ತನ್ನ ಮೇಜರ್ ಸೂಟನ್ನೇ ಎರಡರಲ್ಲಿ ಮತ್ತೆ ಕರೆಯುತ್ತದೆ, ಅಲ್ಲಿಗೆ ಮುಗಿಯಿತು. ಕಳೆದುಕೊಳ್ಳುವುದು ಪಾಸ್ ಮಾಡಿದ ಕೈಯ ಸಹಜ 2 ಕ್ಲಬ್ ಮಾತ್ರ. ಕೊಟ್ಟ ಬೆಲೆಗೆ ಇಷ್ಟು ಲಾಭ ತರುವ ಕನ್ವೆನ್ಷನ್ ಈ ಇಡೀ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಒಂದೇ ಒಂದು ಕಲಿಯುವುದಾದರೆ ಇದನ್ನು ಕಲಿಯಿರಿ.

ಎದುರಾಳಿ ಬಾಯಿ ಹಾಕಿದಾಗ

ಹೆಚ್ಚು ಜೋಡಿಗಳು ಮುರಿಯುವುದು ಇಲ್ಲಿ. ನಾವು ಬರ್ಗನ್ ಪೂರ್ತಿ ಆಡುತ್ತಿದ್ದ ಕಾಲ. ಭಾವ 1 ಸ್ಪೇಡ್, ಎದುರಾಳಿ ಡಬಲ್, ನಾನು 3 ಕ್ಲಬ್. ನನ್ನ ಲೆಕ್ಕದಲ್ಲಿ ನಾಲ್ಕು ಸ್ಪೇಡ್, 8 ಪಾಯಿಂಟ್. ಭಾವನ ಲೆಕ್ಕದಲ್ಲಿ ಡಬಲ್ ಆದ ಮೇಲೆ ಜಿಗಿತ ಅಂದರೆ ಉದ್ದನೆಯ ಕ್ಲಬ್, ಬಡ ಕೈ. ಪಾಸ್. ನನ್ನ ಬಳಿ ಎರಡು ಕ್ಲಬ್, ಡಮ್ಮಿಯಲ್ಲಿ ಮೂರು. ತುರುಪು ನಮ್ಮದು ಐದು, ಎದುರಾಳಿಗಳದು ಎಂಟು. ಆಟ ನಡೆಯುವಾಗ ಬಲಗಡೆಯ ಹಿರಿಯ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಇಬ್ಬರ ವಾದವೂ ತರ್ಕಬದ್ಧವೇ. ಚೀಟಿ ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಇಟ್ಟದ್ದು ಇದಕ್ಕೇ. ನಾವು ಈಗ ಬರೆದುಕೊಂಡಿರುವುದು: ಎದುರಾಳಿ ಏನೇ ಅಂದರೂ 3 ಡೈಮಂಡ್ ರೈಸ್ ರದ್ದು. ಡಬಲ್ ಆದ ಮೇಲೆ 2 ನೋ ಟ್ರಂಪ್ ಅಂದರೆ ನಾಲ್ಕು ತುರುಪು, ಲಿಮಿಟ್ ಅಥವಾ ಹೆಚ್ಚು. ಜೋರ್ಡನ್ ಅಥವಾ ಟ್ರಸ್ಕಾಟ್ ಅನ್ನುವ ಹೆಸರು. ಎದುರಾಳಿ ಸೂಟು ಕರೆದರೆ ಅದೇ ಸೂಟನ್ನು ನಾವು ಮತ್ತೆ ಕರೆಯುವುದು ಲಿಮಿಟ್ ಅಥವಾ ಹೆಚ್ಚಿನ ರೈಸ್. 1 ಸ್ಪೇಡ್, 2 ಡೈಮಂಡ್, ಆಗ 3 ಡೈಮಂಡ್. ಎರಡೂ ಸಂದರ್ಭದಲ್ಲಿ ನೇರ ಜಿಗಿತ ಬಡ ಕೈ. ಡ್ರೂರಿ ಡಬಲ್ ಆದರೂ ಇದೆ, ಸೂಟು ಕರೆದರೆ ಇಲ್ಲ. ಬೇರೆ ಜೋಡಿಗಳು ಬೇರೆ ಥರ ಬರೆದುಕೊಂಡಾರು, ಬರೆದುಕೊಂಡಿದ್ದರೆ ಸರಿ.

ಇಂಥ ಅಪಘಾತದ ಮಧ್ಯೆ ಪಾರ್ಟ್ನರ್ ನಿಮ್ಮ ಬಿಡ್ಡನ್ನು ಎದುರಾಳಿಗೆ ತಪ್ಪಾಗಿ ವಿವರಿಸಿದರೆ ಮುಖದಲ್ಲಿ ಏನೂ ತೋರಿಸಬೇಡಿ, ಆ ವಿವರಣೆಯ ಲಾಭವನ್ನೂ ಪಡೆಯಬೇಡಿ. ನೀವು ಬಿಡ್ಡಿಂಗ್ ಗೆದ್ದ ಕಡೆಯವರಾದರೆ ಕೊನೆಯ ಪಾಸ್ ಆದ ಮೇಲೆ, ಮೊದಲ ಎಲೆ ಬೀಳುವ ಮುಂಚೆ ಡೈರೆಕ್ಟರನ್ನು ಕರೆದು ಸರಿಪಡಿಸಬೇಕು. ಎದುರಿಸಿ ಆಡುವ ಕಡೆಯವರಾದರೆ ಆಟ ಮುಗಿದ ಮೇಲೆ.

ದುರಸ್ತಿಯ ನಂತರ

ಎಲ್ಲವನ್ನೂ ಒಂದೇ ವಾರ ಹಾಕಿಕೊಳ್ಳಬೇಡಿ. ನಾವು ತಿಂಗಳಿಗೊಂದರಂತೆ ಹಾಕಿದೆವು: ಮೊದಲು 3 ಮೇಜರ್‌ನ ಅರ್ಥ, ಆಮೇಲೆ ಡ್ರೂರಿ, ಆಮೇಲೆ ಎದುರಾಳಿ ಸೂಟನ್ನೇ ಕರೆಯುವ ರೈಸ್, ಜಾಕೋಬಿ, ಸ್ಪ್ಲಿಂಟರ್. ಹೊಸದು ಎರಡು ಸಲ ಮರೆತುಹೋದರೆ ಅದನ್ನು ಕನ್ವೆನ್ಷನ್ ಕಾರ್ಡಿನಿಂದ ಹೊಡೆದುಹಾಕುವುದು ಅಂತ ಒಪ್ಪಂದ. ಬರ್ಗನ್‌ನ 3 ಕ್ಲಬ್ ಹೋದದ್ದು ಹಾಗೆ.

ಕಳೆದ ತಿಂಗಳ ನೋಟ್‌ಬುಕ್ ತೆಗೆದರೆ 170 ಒಂದೇ ಒಂದು ಸಲ ಇದೆ. ಅದು ಭಾವ 6 ಪಾಯಿಂಟ್ ಹಿಡಿದು ಸರಿಯಾಗಿಯೇ 2 ಸ್ಪೇಡ್ ಅಂದದ್ದು, ಎರಡು ಫಿನೆಸ್ಸೂ ಗೆದ್ದು ಹತ್ತು ಟ್ರಿಕ್ ಬಂದದ್ದು. ಅದರ ಪಕ್ಕ ಅವರ ಕೈಬರಹದಲ್ಲಿ ‘ಅದೃಷ್ಟ, ದೋಷವಲ್ಲ’ ಅಂತ ಇದೆ. ಅದರ ಕೆಳಗಿನ ಸಾಲಿನಲ್ಲಿ, 1 ಹಾರ್ಟ್‌ಗೆ ಎದುರಾಳಿ 1 ನೋ ಟ್ರಂಪ್ ಅಂದಾಗ 2 ನೋ ಟ್ರಂಪ್ ಅಂದರೆ ಏನು ಅನ್ನುವುದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮಂಗಳವಾರ ಅದಕ್ಕೆ ಚೀಟಿ ಬರೆಯುವುದಿದೆ.